ಗೇಟಿಗೆ ಕಟ್ಟಿಹೋದ ಲ್ಯಾಬ್ರಡಾರ್ ಮತ್ತು ನಿಮ್ಮ ಎರಡು ಎಕರೆ ತೋಟ

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ತಿಪಟೂರಿನ ಹತ್ತಿರ ನಮಗೆ ಎರಡು ಎಕರೆ ತೆಂಗಿನ ತೋಟ ಇದೆ, ಬೋರ್‌ವೆಲ್ ಇದೆ. ಈಗ ದಿನಾ 14 ಬೀದಿನಾಯಿಗಳಿಗೆ ಅನ್ನ ಹಾಕುತ್ತೇನೆ. ತೋಟದಲ್ಲೇ ಒಂದು ಆಶ್ರಯ ಕೇಂದ್ರ ಮಾಡಿ, ಗಾಯಗೊಂಡ ನಾಯಿಗಳನ್ನು ಸಾಕಿ, ಒಳ್ಳೆಯ ಮನೆ ಹುಡುಕಿ ಕೊಡಬೇಕೆಂಬ ಆಸೆ. ಯಜಮಾನರು ಬೇಡವೇ ಬೇಡ ಅನ್ನುತ್ತಾರೆ. ದಿನದ ಕೆಲಸ ಹೇಗಿರುತ್ತದೆ, ಏನೇನು ಕಷ್ಟ, ಎಷ್ಟು ಖರ್ಚು, ಎಷ್ಟು ನಾಯಿ ಇಟ್ಟುಕೊಳ್ಳಬಹುದು? ಸಮಾಧಾನಕ್ಕೆ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ: ಮೇಡಂ, ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ನಿಜ ಇದೆ. ಅದು ಯಾವ ಅರ್ಧ ಅಂತ ಆಮೇಲೆ ಹೇಳುತ್ತೇನೆ. ಮೊದಲು ಇವತ್ತು ಬೆಳಗ್ಗೆ ನಮ್ಮ ನಾಯಿ ಆಶ್ರಯ ಕೇಂದ್ರದಲ್ಲಿ ಏನಾಯಿತು ಕೇಳಿ.

ಐದೂವರೆಗೆ ಗೇಟು ತೆಗೆದರೆ ಹೊರಗೆ ಒಂದು ಲ್ಯಾಬ್ರಡಾರ್. ದನ ಕಟ್ಟುವ ನೈಲಾನ್ ಹಗ್ಗದಲ್ಲಿ ಗೇಟಿನ ಸರಳಿಗೆ ಬಿಗಿದು ಹೋಗಿದ್ದಾರೆ. ಪಕ್ಕದಲ್ಲಿ ಅರ್ಧ ಚೀಲ ಡಾಗ್ ಫುಡ್, ಒಂದು ಬಿಸ್ಕೆಟ್ ಪೊಟ್ಟಣ, ಒಂದು ಚೀಟಿ. 'ಹೆಸರು ರಾಜ. ಮೊಸರನ್ನ ಇಷ್ಟ. ಚೆನ್ನಾಗಿ ನೋಡಿಕೊಳ್ಳಿ.' ರಾಜ ನನ್ನನ್ನು ನೋಡಲೇ ಇಲ್ಲ. ಕಾರು ಹೋದ ದಿಕ್ಕಿಗೇ ಕಣ್ಣು. ಸೊಂಟ ಬಿದ್ದಿದೆ, ಎದ್ದು ನಿಲ್ಲುವಾಗ ಹಿಂದಿನ ಕಾಲು ನಡುಗುತ್ತದೆ. ಏಳು ವರ್ಷ ಇರಬಹುದು.

ನಮ್ಮಲ್ಲಿ ಜಾಗ ಇರುವುದು 40 ನಾಯಿಗೆ. ರಾಜ 43ನೆಯವನು.

ಈ ಕೆಲಸದ ಎಲ್ಲ ಕಷ್ಟವೂ ಆ ಗೇಟಿನ ಹತ್ತಿರವೇ ಇದೆ. ಗೇಟಿನ ಒಳಗೆ ನಾಯಿ ಬರುವುದಕ್ಕೆ ಯಾರ ಸಹಾಯವೂ ಬೇಕಿಲ್ಲ, ಅವು ಬಂದೇ ಬರುತ್ತವೆ. ಗೇಟಿನಿಂದ ಎಷ್ಟು ಹೊರಗೆ ಹೋದವು, ಒಳ್ಳೆಯ ಮನೆಗೆ ಹೋದವಾ, ಹೋದವು ಅಲ್ಲೇ ಉಳಿದವಾ, ನಿಮ್ಮ ಕೇಂದ್ರ ಬದುಕುವುದೋ ಸಾಯುವುದೋ ಅದರ ಮೇಲೆ ನಿಂತಿರುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ. ನಾಯಿಯ ಆಯಸ್ಸು 12ರಿಂದ 15 ವರ್ಷ. ವರ್ಷಕ್ಕೆ ಬರೀ ಮೂರು ನಾಯಿ ಮನೆ ಸಿಗದೆ ನಿಮ್ಮಲ್ಲೇ ಉಳಿದರೂ ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ 30 ಆಯಿತು. ಆಮೇಲೆ ಹೊಸದಾಗಿ ಪೆಟ್ಟು ತಿಂದ ನಾಯಿ ಬಂದರೆ ಅದನ್ನು ಇಡುವುದು ಎಲ್ಲಿ? ಮುಚ್ಚಿಹೋದ ಆಶ್ರಯಗಳಲ್ಲಿ ಹೆಚ್ಚಿನವು ಮುಚ್ಚಿದ್ದು ದುಡ್ಡಿಲ್ಲದೆ ಅಂತ ಹೊರಗಿನವರು ಹೇಳುತ್ತಾರೆ. ಆದರೆ ನಾನು ನೋಡಿದ ಹಾಗೆ ದುಡ್ಡು ಖಾಲಿಯಾಗುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ಜಾಗ ಖಾಲಿಯಾಗಿರುತ್ತದೆ.

ಫೋನ್ ವಿಷಯಕ್ಕೆ ಬರುತ್ತೇನೆ. ಆರು ಗಂಟೆಗೆ ಶುರು. ಅಪಘಾತದ ಕರೆ ಬಂದರೆ ನಾನು ಎದ್ದು ಹೋಗುತ್ತೇನೆ, ಅದರಲ್ಲಿ ಯೋಚನೆ ಇಲ್ಲ. ಉಳಿದವು ಬೇರೆ ಥರ. 'ನಮ್ಮ ಬೀದಿಯಲ್ಲಿ ಆರು ಮರಿ ಇವೆ, ತಗೊಂಡು ಹೋಗಿ.' 'ಮಗಳಿಗೆ ಮಗು ಆಯ್ತು, ನಾಯಿ ಇಟ್ಟುಕೊಳ್ಳೋಕೆ ಆಗಲ್ಲ.' 'ಅಮೆರಿಕಕ್ಕೆ ಹೊರಟಿದ್ದೇವೆ, ನಾಡಿದ್ದು ಫ್ಲೈಟು.' ವೀಸಾ ಮಾಡಿಸಲು ಆರು ತಿಂಗಳು ಓಡಾಡಿದವರಿಗೆ ನಾಯಿ ನೆನಪಾಗುವುದು ಎರಡು ದಿನ ಮುಂಚೆ! ಇವರಿಗೆಲ್ಲ ಇಲ್ಲ ಅನ್ನಬೇಕು. ಅದೂ ಸಿಟ್ಟು ಮಾಡದೆ. ಯಾಕೆಂದರೆ ಸಿಟ್ಟು ಮಾಡಿದರೆ ಅದೇ ನಾಯಿ ರಾತ್ರಿ ಹೆದ್ದಾರಿಯಲ್ಲಿ ಇಳಿಯುತ್ತದೆ. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಅಪರಾಧ. ಆದರೆ ಮೊದಲ ಸಲದ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ರಾಜನ ಪಕ್ಕ ಇಟ್ಟಿದ್ದ ಡಾಗ್ ಫುಡ್ ಅದಕ್ಕಿಂತ ದುಬಾರಿ.

ಹಾಗಾಗಿ ನಾನು ಬೆದರಿಸುವುದು ಬಿಟ್ಟಿದ್ದೇನೆ. 'ಒಂದು ತಿಂಗಳು ನೀವೇ ಇಟ್ಟುಕೊಳ್ಳಿ, ಮನೆ ಹುಡುಕುವ ಕೆಲಸ ನಾನು ಮಾಡುತ್ತೇನೆ, ಫೋಟೋ ಕಳಿಸಿ' ಅನ್ನುತ್ತೇನೆ. ಸುಮಾರು ಜನ ಒಪ್ಪುತ್ತಾರೆ. ಕೆಲವರಿಗೆ ಆ ತಿಂಗಳಲ್ಲಿ ಮನಸ್ಸೂ ಬದಲಾಗುತ್ತದೆ. ಮಗು ಬಂದ ಮನೆಯಲ್ಲಿ ನಾಯಿ ಇರಬಾರದು ಅಂದುಕೊಂಡವರಿಗೆ ಹುಳದ ಮಾತ್ರೆ, ಇಂಜೆಕ್ಷನ್ ಸರಿಯಾಗಿ ಆಗಿದ್ದು, ಮಗುವನ್ನೂ ನಾಯಿಯನ್ನೂ ಒಂಟಿಯಾಗಿ ಬಿಡದಿದ್ದರೆ ಸಾಕು ಅಂತ ಡಾಕ್ಟರ ಹತ್ತಿರ ಹೇಳಿಸುತ್ತೇನೆ. ಹೀಗೆ ಉಳಿದ ನಾಯಿಗಳ ಫೋಟೋ ನನ್ನ ಫೋನಿನಲ್ಲಿ ಇಲ್ಲ, ಇವಕ್ಕೆ ಯಾರೂ ದೇಣಿಗೆಯನ್ನೂ ಕೊಡುವುದಿಲ್ಲ. ಆದರೆ ನನ್ನ ಕೆಲಸದಲ್ಲಿ ತುಂಬಾ ಅಗ್ಗದ, ತುಂಬಾ ಒಳ್ಳೆಯ ಕೆಲಸ ಇದೇ.

ಬೀದಿನಾಯಿ 'ತಗೊಂಡು ಹೋಗಿ' ಅನ್ನುವವರಿಗೆ ಕಾನೂನು ಹೇಳಬೇಕಾಗುತ್ತದೆ. ನಾಯಿಗಳ ಸಂತಾನ ನಿಯಂತ್ರಣಕ್ಕೆ ಮೊದಲು 2001ರ ನಿಯಮ ಇತ್ತು, ಈಗ 2023ರದ್ದು. ಎರಡರ ಪ್ರಕಾರವೂ ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಆಪರೇಷನ್ ಮಾಡಿ, ರೇಬಿಸ್ ಇಂಜೆಕ್ಷನ್ ಕೊಟ್ಟು, ಹಿಡಿದ ಜಾಗದಲ್ಲೇ ಬಿಡಬೇಕು. 2025ರಲ್ಲಿ ಇದರಲ್ಲಿ ಸ್ವಲ್ಪ ಗೊಂದಲ ಆಯಿತು. ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತಲಿನ ನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಅಂದಿತು, 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಹುಚ್ಚು ಹಿಡಿದ ಮತ್ತು ಮೇಲೆ ಬೀಳುವ ನಾಯಿ ಬಿಟ್ಟು ಉಳಿದವನ್ನು ಅಲ್ಲೇ ಬಿಡಿ ಅಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗದ ನಾಯಿಗಳನ್ನು ತೆಗೆಯಬೇಕು, ಮತ್ತೆ ಅಲ್ಲಿಗೆ ಬಿಡಬಾರದು ಅಂತ ಆದೇಶ ಬಂತು. ಅವತ್ತಿನಿಂದ ನನಗೆ ಶಾಲೆಯವರ ಫೋನು ಜಾಸ್ತಿ. ಅವರದ್ದೇನೂ ತಪ್ಪಿಲ್ಲ, ಆದರೆ ನಾಯಿಗಳನ್ನು ಕರೆದುಕೊಂಡು ಹೋಗಿ ಎಲ್ಲಿಡಬೇಕು? ಬೆಂಗಳೂರು ಪಾಲಿಕೆಯ 2023ರ ಗಣತಿಯಲ್ಲಿ ಆ ಒಂದು ಊರಿನಲ್ಲೇ ಸುಮಾರು 2.79 ಲಕ್ಷ ಬೀದಿನಾಯಿ. 2019ರಲ್ಲಿ ಅದು ಸುಮಾರು 3.10 ಲಕ್ಷ ಇತ್ತು. ಇಳಿದದ್ದಕ್ಕೆ ಆಪರೇಷನ್ ಕಾರಣ ಅಂತಲೇ ನಾನು ನಂಬುತ್ತೇನೆ. ನನ್ನಂಥವರ 40 ಗೂಡು ಇದರಲ್ಲಿ ಯಾವ ಲೆಕ್ಕ? ನೀವು ಶುರು ಮಾಡುವ ಮೊದಲು ಆಗಿನ ಹೊಸ ಆದೇಶ ಏನಿದೆ ಅಂತ ಒಮ್ಮೆ ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಇನ್ನೊಂದು, ಬೀದಿನಾಯಿ ಆಪರೇಷನ್ ಕಾರ್ಯಕ್ರಮವನ್ನು ನಾವಾಗಿಯೇ ನಡೆಸುವಂತಿಲ್ಲ, ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು.

ಇನ್ನು ದಿನದ ಕೆಲಸ. ಮುಕ್ಕಾಲು ಭಾಗ ಕ್ಲೀನಿಂಗ್. ನಾಯಿ ಪ್ರೀತಿ ಇರುವವರು ಯಾರೂ ಈ ಮಾತನ್ನು ನಂಬುವುದಿಲ್ಲ, ಮೊದಲ ವಾರದಲ್ಲಿ ನಂಬುತ್ತಾರೆ. ಬೆಳಗ್ಗೆ 40 ನಾಯಿಯ ಹೇಲು ಎತ್ತುವುದು, ನೆಲ ಉಜ್ಜುವುದು, ನೀರು ಬಿಡುವುದು, ಸಂಜೆ ಮತ್ತೆ ಅದೇ. ಇದಕ್ಕೊಂದು ಕ್ರಮ ಇದೆ. ಮೊದಲು ಮರಿಗಳ ಕೋಣೆ, ಆಮೇಲೆ ಆರೋಗ್ಯವಾಗಿರುವವು, ಹೊಸದಾಗಿ ಬಂದವು ಆಮೇಲೆ, ಕಾಯಿಲೆಯವು ಕೊನೆಗೆ. ಉಲ್ಟಾ ಮಾಡಿದರೆ ನಿಮ್ಮ ಚಪ್ಪಲಿಯೇ ರೋಗ ಹೊತ್ತು ಮರಿಗಳ ಹತ್ತಿರ ಹೋಗುತ್ತದೆ. ಕಾಯಿಲೆ ಕೋಣೆಯ ಪೊರಕೆ, ಬಕೆಟ್, ಗಂಬೂಟು ಎಲ್ಲ ಬೇರೆ. ನಮ್ಮಲ್ಲಿ ಅವಕ್ಕೆ ಕೆಂಪು ಬಣ್ಣ ಬಳಿದಿದ್ದೇವೆ.

ಈ ಪಾಠ ನಾನು ಸುಮ್ನೆ ಕಲಿಯಲಿಲ್ಲ. ಎರಡನೇ ವರ್ಷ ಯಾರೋ ರಟ್ಟಿನ ಡಬ್ಬದಲ್ಲಿ ಐದು ಮರಿ ತಂದುಕೊಟ್ಟರು. ಮುದ್ದಾಗಿವೆ ಅಂತ ನೇರ ಬೇರೆ ಮರಿಗಳ ಜೊತೆ ಬಿಟ್ಟೆ. ನಾಲ್ಕನೇ ದಿನ ಒಂದು ಮರಿ ಊಟ ಬಿಟ್ಟಿತು. ಸಂಜೆ ವಾಂತಿ, ಬೆಳಗಾಗುವಷ್ಟರಲ್ಲಿ ರಕ್ತಭೇದಿ. ಆ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಸಾಯುವ ತನಕ ಮರೆಯುವುದಿಲ್ಲ. ಪಾರ್ವೊ, ಮರಿಗಳ ಕರುಳಿಗೆ ಬರುವ ವೈರಸ್ ರೋಗ. ಒಟ್ಟು ಒಂಬತ್ತು ಮರಿ ಇದ್ದವು, ಗ್ಲೂಕೋಸ್ ಬಾಟಲಿ ನೇತುಹಾಕಿ ಹಗಲು ರಾತ್ರಿ ಕೂತರೂ ಉಳಿದದ್ದು ಎರಡು. ನಾನು ಆಗ ದಿನಾ ಎರಡು ಹೊತ್ತು ಫಿನೈಲ್ ಹಾಕಿ ನೆಲ ಒರೆಸುತ್ತಿದ್ದೆ. ಫಿನೈಲಿಗೆ ಪಾರ್ವೊ ವೈರಸ್ ಸಾಯುವುದಿಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಬ್ಲೀಚ್ ಬೇಕು. ಮೊದಲು ಹೇಲು ಮಣ್ಣು ಎಲ್ಲ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ನೆಲಕ್ಕೆ ಹಾಕಿ, ಹತ್ತು ನಿಮಿಷ ಹಾಗೇ ಬಿಟ್ಟು ತೊಳೆಯಬೇಕು. ಇದರ ಜೊತೆ ಆಸಿಡ್ ಮಾತ್ರ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಇಲ್ಲಿ ನಿಮ್ಮ ತೋಟದ ಪ್ರಶ್ನೆ ಬರುತ್ತದೆ. ಎರಡು ಎಕರೆ ಇದೆ, ಮರಿಗಳು ಓಡಾಡಿಕೊಂಡಿರುತ್ತವೆ ಅಂತ ನೀವು ಕನಸು ಕಂಡಿರುತ್ತೀರಿ ಅಲ್ವಾ? ಸಿಮೆಂಟು ನೆಲವನ್ನು ಬ್ಲೀಚ್ ಹಾಕಿ ತೊಳೆಯಬಹುದು. ಮಣ್ಣನ್ನು ಹೇಗೆ ತೊಳೆಯುತ್ತೀರಿ? ನೆರಳಿರುವ, ತೇವ ಇರುವ ಮಣ್ಣಿನಲ್ಲಿ ಆ ವೈರಸ್ ತಿಂಗಳುಗಟ್ಟಲೆ, ಒಂದೊಂದು ಸಲ ವರ್ಷದವರೆಗೂ ಬದುಕುತ್ತದೆ. ತೆಂಗಿನ ತೋಟ ಅಂದರೆ ನೆರಳು, ತೇವ ಎರಡೂ. ಒಂದು ಸಲ ಅಲ್ಲಿ ಪಾರ್ವೊ ಬಿತ್ತು ಅಂದರೆ ಮುಂದಿನ ವರ್ಷದ ಮರಿಗಳಿಗೂ ಅದೇ ಮಣ್ಣು ಕಾದಿರುತ್ತದೆ. ಹಾಗಾಗಿ ಇಂಜೆಕ್ಷನ್ ಪೂರ್ತಿ ಆಗದ ಮರಿ ನೆಲಕ್ಕೆ ಇಳಿಯಬಾರದು. ಆರರಿಂದ ಎಂಟನೇ ವಾರಕ್ಕೆ ಮೊದಲ ಇಂಜೆಕ್ಷನ್, ಆಮೇಲೆ ಮೂರು ನಾಲ್ಕು ವಾರಕ್ಕೊಂದು, 16 ವಾರದ ತನಕ. ಹೊಸ ನಾಯಿ ಯಾವುದೇ ಬರಲಿ, 14 ದಿನ ಬೇರೆ ಇಡಬೇಕು. ಬೀದಿಯಲ್ಲಿ ತಾಯಿ ಜೊತೆ ಚೆನ್ನಾಗಿರುವ ಮರಿಗಳನ್ನು ಅಯ್ಯೋ ಪಾಪ ಅಂತ ಎತ್ತಿಕೊಂಡು ಬರುವುದನ್ನು ಮೊದಲು ನಿಲ್ಲಿಸಬೇಕು. ಎರಡು ತಿಂಗಳ ತನಕ ಅವಕ್ಕೆ ತಾಯಿಗಿಂತ ಒಳ್ಳೆಯ ಆಶ್ರಯ ಇಲ್ಲ.

ತೋಟದ ಇನ್ನೊಂದು ಶತ್ರು ಉಣ್ಣೆ, ರಕ್ತ ಹೀರುವ ಹುಳ. ನಾಯಿ ಮೈಮೇಲೆ ಕಾಣುವುದು ಸ್ವಲ್ಪ, ಉಳಿದವೆಲ್ಲ ಗೋಡೆಯ ಬಿರುಕು, ಕಲ್ಲಿನ ಸಂದಿ, ತೆಂಗಿನ ಸಿಪ್ಪೆ ರಾಶಿಯ ಕೆಳಗೆ ಇರುತ್ತವೆ. ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಔಷಧಿ ಹಾಕಿ ಗೋಡೆಯನ್ನು ಬಿಟ್ಟರೆ ಏನೂ ಪ್ರಯೋಜನ ಇಲ್ಲ. ಬಿರುಕು ಮುಚ್ಚಿಸಿ, ಸಿಪ್ಪೆ ರಾಶಿ ದೂರ ಹಾಕಿಸಿ. ಉಣ್ಣೆ ಜ್ವರದಲ್ಲಿ ನಾಯಿ ಮಂಕಾಗುತ್ತದೆ, ವಸಡು ಬೆಳ್ಳಗಾಗುತ್ತದೆ, ಕೆಲವಕ್ಕೆ ಮೂಗಿನಲ್ಲಿ ರಕ್ತ ಬರುತ್ತದೆ. ಡಾಕ್ಟರು ಸಾಮಾನ್ಯವಾಗಿ 28 ದಿನದ ಮಾತ್ರೆ ಬರೆಯುತ್ತಾರೆ. ಐದನೇ ದಿನಕ್ಕೆ ನಾಯಿ ಬಾಲ ಆಡಿಸುತ್ತದೆ, ಜನ ಮಾತ್ರೆ ನಿಲ್ಲಿಸುತ್ತಾರೆ, ಮುಂದಿನ ತಿಂಗಳು ಮತ್ತೆ ಬೀಳುತ್ತದೆ. ಇನ್ನು ಮನುಷ್ಯರ ನೋವಿನ ಮಾತ್ರೆಯನ್ನು ನಾಯಿಗೆ ಕೊಡಲೇಬೇಡಿ. ಎಷ್ಟು ಜನ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟು ನಾಯಿಯ ಹೊಟ್ಟೆ, ಕಿಡ್ನಿ ಹಾಳು ಮಾಡಿದ್ದಾರೆ.

ರೇಬಿಸ್ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇದರಲ್ಲಿ ಹೋಗುವುದು ಮನುಷ್ಯರ ಜೀವ. ನೀವು, ನಿಮ್ಮ ಯಜಮಾನರು, ಕೆಲಸದವರು, ಎಲ್ಲರೂ ನಾಯಿ ಮುಟ್ಟುವ ಕೆಲಸಕ್ಕೆ ಇಳಿಯುವ ಮೊದಲೇ ಇಂಜೆಕ್ಷನ್ ಹಾಕಿಸಿಕೊಳ್ಳಿ. 0, 7, ಮತ್ತೆ 21 ಅಥವಾ 28ನೇ ದಿನ, ಮೂರು ಸಲ. ಆಮೇಲೆ ಕಚ್ಚಿಸಿಕೊಂಡರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ. ಮೊದಲೇ ಹಾಕಿಸಿಕೊಂಡವರಿಗೂ 0 ಮತ್ತು 3ನೇ ದಿನ ಎರಡು ಬೇಕೇ ಬೇಕು. ಸುಣ್ಣ, ಅರಿಶಿನ, ಖಾರದಪುಡಿ ಯಾವುದನ್ನೂ ಹಚ್ಚಬಾರದು. ಜೊಲ್ಲು ಸುರಿಸುತ್ತಾ, ದಿಕ್ಕು ತಪ್ಪಿದ ಹಾಗೆ ನಡೆಯುವ ನಾಯಿ ಕಂಡರೆ ಅದು ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಇರಬಹುದು, ಗಂಟಲಲ್ಲಿ ಮೂಳೆ ಸಿಕ್ಕಿರಬಹುದು, ರೇಬಿಸ್ಸೂ ಇರಬಹುದು. ಬಾಯಿಗೆ ಕೈ ಹಾಕಿ ನೋಡುವ ಧೈರ್ಯ ಮಾಡಬೇಡಿ. ನಾನು ಒಂದು ಸಲ ಮಾಡಿದೆ. ಮೂಳೆಯೇ ಇತ್ತು, ಬಚಾವಾದೆ. ಆದರೆ ಆ ರಾತ್ರಿ ನಮ್ಮನೆಯವಳು ನನ್ನ ಜೊತೆ ಮಾತಾಡಲಿಲ್ಲ, ಅವಳು ಮಾಡಿದ್ದೇ ಸರಿ.

ಊಟ, ದುಡ್ಡು ಎರಡನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ. ನಮ್ಮಲ್ಲಿ ದಿನಕ್ಕೆ ಏಳೆಂಟು ಕೆಜಿ ಅಕ್ಕಿ, ಅಷ್ಟೇ ಕೋಳಿ, ಸ್ವಲ್ಪ ಕುಂಬಳಕಾಯಿ ಅಥವಾ ಕ್ಯಾರೆಟ್, ವಾರದಲ್ಲಿ ಎರಡು ದಿನ ರಾಗಿ. ಚಿಕನ್ ಅಂಗಡಿಯಿಂದ ಕತ್ತು, ಕಾಲು, ತಲೆ ತರುತ್ತೇವೆ. ಮೂಳೆ ಹಿಟ್ಟಾಗುವ ತನಕ ಕುಕ್ಕರಿನಲ್ಲಿ ಬೇಯಿಸಬೇಕು, ಅರೆಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಈರುಳ್ಳಿ ಇಲ್ಲ, ಖಾರ ಇಲ್ಲ. ಈಗ ಮದುವೆ ಮನೆಯವರ ವಿಷಯ. ಮಿಕ್ಕಿದ ಪಲಾವು, ಹೋಳಿಗೆ, ಜಾಮೂನು ಎಲ್ಲ ಒಂದೇ ಡ್ರಮ್ಮಿಗೆ ಸುರಿದು ಸಂಜೆ ನಾಲ್ಕಕ್ಕೆ ತಂದು ನಿಲ್ಲಿಸುತ್ತಾರೆ. ಬೇಡ ಅಂದರೆ ಅನ್ನಕ್ಕೆ ಅವಮಾನ ಅನ್ನುತ್ತಾರೆ. ತಗೊಂಡರೆ ರಾತ್ರಿಯೆಲ್ಲ 40 ನಾಯಿಗೆ ಭೇದಿ, ಬೆಳಗ್ಗೆ ತೊಳೆಯುವವರು ನಾವು. ನಾನು ಬರೀ ಅನ್ನ ಬೇರೆ ಪಾತ್ರೆಯಲ್ಲಿ ತಂದರೆ ಮಾತ್ರ ತಗೊಳ್ಳುತ್ತೇನೆ.

ಒಂದು ನಾಯಿಗೆ ದಿನಕ್ಕೆ ಊಟಕ್ಕೆ 50 ರೂಪಾಯಿ ಅಂದುಕೊಳ್ಳಿ. 40 ನಾಯಿಗೆ ತಿಂಗಳಿಗೆ 60,000. ಇಬ್ಬರು ಕೆಲಸದವರಿಗೆ ನಾನು ಕೊಡುವುದು ಒಟ್ಟು 32,000. ಔಷಧಿ, ಡಾಕ್ಟರು, ಎಕ್ಸ್‌ರೇ ಅಂತ ಕಡಿಮೆ ತಿಂಗಳಲ್ಲಿ 20,000, ಕಾಲು ಮುರಿದ ಎರಡು ಕೇಸು ಬಂದರೆ ಅದರ ಎರಡರಷ್ಟು. ಕರೆಂಟು, ಬ್ಲೀಚು, ಗಾಡಿ ಡೀಸೆಲ್ ಬೇರೆ. ಇದು ನಿಮ್ಮ ಪಿಂಚಣಿಯಲ್ಲಿ ಆಗುವುದಿಲ್ಲ ಮೇಡಂ, ಆಗಿಸಲು ಹೋಗಲೂ ಬೇಡಿ. ದೇಣಿಗೆ ಬರುತ್ತದೆ, ಆದರೆ ಅದಕ್ಕೊಂದು ಗುಣ ಇದೆ. ಗಾಯದ ಮರಿಯ ಫೋಟೋ ಹಾಕಿದರೆ ಒಂದೇ ದಿನದಲ್ಲಿ ಆಪರೇಷನ್ ದುಡ್ಡು ಬಂದುಬಿಡುತ್ತದೆ. ಚರಂಡಿ ಕಟ್ಟಿಸಬೇಕು, ಕೆಲಸದವರಿಗೆ ಹಬ್ಬದ ಬೋನಸ್ ಕೊಡಬೇಕು ಅಂದರೆ ಒಬ್ಬರೂ ಉತ್ತರ ಕೊಡುವುದಿಲ್ಲ. ಟ್ರಸ್ಟ್ ನೋಂದಣಿ, ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಮಾಡಿಸಿಕೊಂಡರೆ ಕೊಡುವವರಿಗೆ ತೆರಿಗೆ ರಿಯಾಯಿತಿ ಸಿಗುತ್ತದೆ, ಅದೊಂದು ಸಹಾಯ. ಲೆಕ್ಕ ಮಾತ್ರ ಪೈಸೆ ಪೈಸೆ ಬರೆದಿಡಬೇಕು. ನಾಯಿ ಹೆಸರಲ್ಲಿ ತಿಂದ ಅನ್ನುವ ಮಾತು ಊರಲ್ಲಿ ಹುಟ್ಟುವುದಕ್ಕೆ ಒಂದು ವಾರ ಸಾಕು.

ಕೆಲಸದವರು ಸಿಗುವುದು ದುಡ್ಡಿಗಿಂತ ಕಷ್ಟ. ನಾಯಿ ಹೇಲು ಎತ್ತುವ ಕೆಲಸ ಅಂತ ನೆಂಟರಿಷ್ಟರು ಆಡಿಕೊಳ್ಳುತ್ತಾರೆ, ಬಂದವರು ಮೂರು ತಿಂಗಳಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಗೌರಿ ಗಣೇಶಕ್ಕೆ ಇಬ್ಬರೂ ರಜ ಹಾಕಿದರೆ ನಾನು, ನಮ್ಮನೆಯವಳು, ಕಾಲೇಜಿಗೆ ಹೋಗುವ ಮಗ, ಹೊಸ ಬಟ್ಟೆ ಬಿಚ್ಚಿಟ್ಟು ಗಂಬೂಟು ಹಾಕುತ್ತೇವೆ. ನನಗೆ ಸಿಕ್ಕ ಅದೃಷ್ಟ ಅಂದರೆ ಕುರಿ ಕಾಯುತ್ತಿದ್ದ ಒಬ್ಬ ಅಜ್ಜ. ಓದು ಬರಹ ಇಲ್ಲ. ಆದರೆ ಊಟ ಹಾಕುವಾಗ ಸುಮ್ಮನೆ ನಿಂತು ನೋಡಿ, 'ಆ ಕರಿಯ ಇವತ್ತು ಉಂಡ್ರೂ ಉಂಡಂಗಿಲ್ಲ ಸ್ವಾಮಿ' ಅನ್ನುತ್ತಾನೆ. ಮಾರನೇ ದಿನ ಕರಿಯನಿಗೆ ಜ್ವರ. ಥರ್ಮಾಮೀಟರಿಗಿಂತ ಒಂದು ದಿನ ಮುಂದೆ ಇರುತ್ತಾನೆ.

ಅಕ್ಕಪಕ್ಕದವರ ಜೊತೆ ಮೊದಲೇ ಮಾತಾಡಿ. ರಾತ್ರಿ ಒಂದು ನಾಯಿ ಬೊಗಳಿದರೆ 40 ಬೊಗಳುತ್ತವೆ. ತೊಳೆದ ನೀರು ಪಕ್ಕದ ತೋಟಕ್ಕೆ ಹರಿದರೆ ಜಗಳ ಖಂಡಿತ. ನಮ್ಮ ಎರಡು ನಾಯಿ ತಪ್ಪಿಸಿಕೊಂಡು ಹೋಗಿ ಪಕ್ಕದವರ ಮೂರು ಕುರಿ ಕೊಂದವು. ಅವರು ಕೇಳಿದಷ್ಟು ಕೊಟ್ಟು ಕೈ ಮುಗಿದೆ. ಅವತ್ತಿನಿಂದ ಪ್ರತಿ ಗೂಡಿಗೂ ಎರಡು ಬಾಗಿಲು, ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯುವುದು. ಪಂಚಾಯಿತಿಗೆ ಬಾಯಿಮಾತಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸದಸ್ಯರು ಬದಲಾಗುತ್ತಾರೆ.

ಈಗ ಮನೆ ಹುಡುಕುವ ಕೆಲಸ, ಗೇಟಿನಿಂದ ಹೊರಗೆ ಕಳಿಸುವುದು. ಗಂಡು ಮರಿ, ಬಿಳಿ ಅಥವಾ ಕಂದು ಬಣ್ಣ, ಆಗಲೇ ಯಾರಾದರೂ ಬರುತ್ತಾರೆ. ಹೆಣ್ಣು ಮರಿ ಉಳಿಯುತ್ತದೆ. ಕರಿ ಬಣ್ಣದ್ದು ಉಳಿಯುತ್ತದೆ. ಕರಿ ಹೆಣ್ಣು ಮರಿ ಅಂದರೆ ಕೇಳುವವರೇ ಇಲ್ಲ. ಅದಕ್ಕೇ ಆರು ತಿಂಗಳಿಗೆ ಆಪರೇಷನ್ ನಾವೇ ಮಾಡಿಸಿಕೊಡುತ್ತೇವೆ ಅಂತ ಮೊದಲೇ ಹೇಳುತ್ತೇನೆ, ಹೆಣ್ಣು ನಾಯಿ ಬೇಡ ಅನ್ನುವವರ ನಿಜವಾದ ಭಯ ಅದೇ. ಜಾತಿ ನಾಯಿ ಬಂದರೆ ಬೇರೆ ಕಥೆ. ರಾಜನ ಫೋಟೋ ಹಾಕಿದರೆ ಇವತ್ತೇ 20 ಫೋನು ಬರುತ್ತದೆ, ಅರ್ಧ ಜನ ಕೇಳುವ ಮೊದಲ ಪ್ರಶ್ನೆ 'ಕ್ರಾಸಿಂಗಿಗೆ ಆಗುತ್ತಾ?' ಅಂತ. ಫೋನ್ ಇಡುತ್ತೇನೆ.

ಮನೆ ನೋಡದೆ ನಾಯಿ ಕೊಡಬೇಡಿ. ಬಾಡಿಗೆ ಮನೆಯಾದರೆ ಮಾಲೀಕರ ಜೊತೆ ನೀವೇ ಮಾತಾಡಿ. ಮನೆಯಲ್ಲಿ ಎಲ್ಲರೂ ಇರುವಾಗ ಹೋಗಿ, ಮಗ ಕೇಳಿದ ಅಂತ ಅಪ್ಪ ಒಪ್ಪಿರುತ್ತಾನೆ, ಹೇಲು ಬಾಚುವವಳು ಅಮ್ಮ, ಅವಳ ಮುಖ ನೋಡಿದರೆ ಗೊತ್ತಾಗುತ್ತದೆ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳಿ, ಬೇಡವಾದರೆ ನಮಗೇ ವಾಪಸ್ ಕೊಡಬೇಕು ಅಂತ. ಆದರೆ ಇದರಲ್ಲಿ ನಾನು ಒಂದು ತಪ್ಪು ಮಾಡಿದೆ. ಮೊದಲ ಐದಾರು ವರ್ಷ ವಿಪರೀತ ಸ್ಟ್ರಿಕ್ಟ್ ಇದ್ದೆ. ತೋಟಕ್ಕೆ ನಾಯಿ ಬೇಕು ಅಂದವರಿಗೆಲ್ಲ ಇಲ್ಲ, ಸಣ್ಣ ಮನೆಯವರಿಗೆ ಇಲ್ಲ, ವಯಸ್ಸಾದವರಿಗೆ ಇಲ್ಲ. ಚುಕ್ಕಿ ಅಂತ ಒಂದು ಹೆಣ್ಣು ನಾಯಿ, ಎಡಗಿವಿ ಹರಿದಿತ್ತು. ಅವಳನ್ನು ಬೆಂಗಳೂರಿನ ದೊಡ್ಡ ಮನೆಗೆ ಕೊಟ್ಟೆ, 11 ದಿನಕ್ಕೆ ವಾಪಸ್, ಸೋಫಾ ಮೇಲೆ ಕೂದಲು. ಇನ್ನೊಂದು ಬಂಗಲೆಗೆ ಕೊಟ್ಟೆ, ಎರಡು ತಿಂಗಳಿಗೆ ವಾಪಸ್, ನಾಯಿ ಬಂದ ಮೇಲೆ ವ್ಯಾಪಾರ ಬಿದ್ದಿತಂತೆ. ಎರಡನೇ ಸಲ ಬಂದಾಗ ಚುಕ್ಕಿ ಮೂಲೆ ಬಿಟ್ಟು ಏಳಲಿಲ್ಲ, ನಾಲ್ಕು ದಿನ ನನ್ನ ಕೈಯಿಂದಲೂ ತಿನ್ನಲಿಲ್ಲ. ಆಮೇಲೆ ಒಬ್ಬ ಆಟೋ ಡ್ರೈವರ್ ಬಂದ. ಒಂದೇ ಕೋಣೆಯ ಮನೆ, ಗಂಡ ಹೆಂಡತಿ ಇಬ್ಬರೇ. ಹಳೇ ನನ್ನ ನಿಯಮದಲ್ಲಿ ಅವನಿಗೆ ನಾಯಿ ಸಿಗುತ್ತಿರಲಿಲ್ಲ. ಈಗ ಚುಕ್ಕಿ ಆಟೋದ ಹಿಂದಿನ ಸೀಟಲ್ಲಿ ಕೂತು ಊರೆಲ್ಲ ಸುತ್ತುತ್ತಾಳೆ, ಪ್ಯಾಸೆಂಜರ್ ಬಂದರೆ ಮುಂದೆ ಬರುತ್ತಾಳೆ. ಹಗಲೆಲ್ಲ ಸರಪಳಿಯಲ್ಲಿ ಕಟ್ಟುವವರಿಗೆ ಈಗಲೂ ಕೊಡುವುದಿಲ್ಲ. ಆದರೆ ಬೇಲಿ ಇರುವ, ಮನೆಯವರು ಅಲ್ಲೇ ವಾಸ ಇರುವ ತೋಟಕ್ಕೆ ಬೀದಿನಾಯಿ ಕೊಡುವುದು ತಪ್ಪಲ್ಲ ಅಂತ ನನಗೆ ತಡವಾಗಿ ಅರ್ಥವಾಯಿತು. ಎಷ್ಟು ಒಳ್ಳೆಯ ಮನೆಗಳನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದೆನೋ.

ಕೊಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ನಾವು ಈ ಕೆಲಸದವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅನ್ನುತ್ತೇವೆ. ಮೊದಲ ಮೂರು ದಿನ ನಾಯಿ ಹೆದರಿರುತ್ತದೆ, ಮೂರು ವಾರಕ್ಕೆ ಮನೆಯ ಕ್ರಮ ತಿಳಿಯುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ವಾಪಸ್ ಬರುವ ನಾಯಿಗಳಲ್ಲಿ ಹೆಚ್ಚಿನವು ಮೊದಲ ಮೂರು ವಾರದಲ್ಲೇ ಬರುತ್ತವೆ, ಹಾಗಾಗಿ ಆಗ ದಿನ ಬಿಟ್ಟು ದಿನ ಫೋನ್ ಮಾಡುತ್ತೇನೆ. ದೀಪಾವಳಿಗೆ ಹದಿನೈದು ದಿನ ಇರುವಾಗ ಯಾರಿಗೂ ಕೊಡುವುದಿಲ್ಲ. ಹೊಸ ಮನೆಯಲ್ಲಿ ಪಟಾಕಿ ಸದ್ದಿಗೆ ಓಡಿದ ನಾಯಿಗೆ ವಾಪಸ್ ಬರುವ ದಾರಿ ಗೊತ್ತಿರುವುದಿಲ್ಲ. ಒಂದು ನಾಯಿಯನ್ನು ಹಾಗೇ ಕಳೆದುಕೊಂಡಿದ್ದೇವೆ.

ಸಾವಿನ ಬಗ್ಗೆ ನೀವು ಕೇಳಲಿಲ್ಲ. ತಿಂಗಳಿಗೆ ಒಂದೆರಡು ಇದ್ದೇ ಇರುತ್ತವೆ. ಬೆನ್ನು ಮುರಿದು ನರಳುವ ನಾಯಿಯ ವಿಷಯದಲ್ಲಿ ಸಾಕು ಅನ್ನುವ ತೀರ್ಮಾನ ಡಾಕ್ಟರ ಜೊತೆ ಕೂತು ತಗೊಳ್ಳಬೇಕಾಗುತ್ತದೆ. ಬೋರ್‌ವೆಲ್ಲಿಂದ ದೂರ, ಆಳವಾದ ಗುಂಡಿಗೆ ಜಾಗ ಈಗಲೇ ನೋಡಿಟ್ಟುಕೊಳ್ಳಿ, ಮಳೆಯಲ್ಲಿ ಅವಸರಕ್ಕೆ ತೋಡಲು ಆಗುವುದಿಲ್ಲ.

ಹಾಗಾದರೆ ನೀವೇನು ಮಾಡಬೇಕು. ಯಜಮಾನರ ಮಾತಿನಲ್ಲಿ ನಿಜ ಇರುವ ಅರ್ಧ ಇದು: ಎರಡು ಎಕರೆಗೆ ಕಾಂಪೌಂಡು ಹಾಕಿ ಬೋರ್ಡು ನೇತುಹಾಕಬೇಡಿ. ಬೋರ್ಡು ಕಂಡ ದಿನದಿಂದ ರಾತ್ರಿ ಗೇಟಿಗೆ ನಾಯಿ ಕಟ್ಟುವವರು ಶುರುವಾಗುತ್ತಾರೆ. ಮೊದಲು ನೀವು ಅನ್ನ ಹಾಕುವ ಆ 14 ನಾಯಿಗೆ ಆಪರೇಷನ್, ರೇಬಿಸ್ ಇಂಜೆಕ್ಷನ್ ಮಾಡಿಸಿ. ಅದರಲ್ಲಿ ಆರು ಹೆಣ್ಣಿದ್ದರೂ, ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತವೆ, 63 ದಿನಕ್ಕೆ ಮರಿ, ಒಂದೊಂದು ಸಲಕ್ಕೆ ಐದಾರು. ನೀವು ಹಾಕುವ ಅನ್ನವೇ ಮರಿಗಳನ್ನು ಹೆಚ್ಚಿಸುತ್ತಿರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ತಾಲೂಕು ಪಶು ಆಸ್ಪತ್ರೆಯ ಡಾಕ್ಟರನ್ನು ಪರಿಚಯ ಮಾಡಿಕೊಳ್ಳಿ, ಒಟ್ಟಿಗೆ ಆಗದಿದ್ದರೆ ವಾರಕ್ಕೆ ಒಂದೇ ನಾಯಿ ಆಗಲಿ, ನಾಲ್ಕು ತಿಂಗಳೊಳಗೆ ಮುಗಿಯುತ್ತದೆ.

ಅದಾದ ಮೇಲೆ ಸಿಮೆಂಟು ನೆಲದ ನಾಲ್ಕು ಗೂಡು ಕಟ್ಟಿಸಿ. ನಾಲ್ಕೇ. ನೆಲ ಇಳಿಜಾರಾಗಿರಲಿ, ಚರಂಡಿ ಗೂಡಿನ ಹೊರಗಿರಲಿ. ಅದರಲ್ಲಿ ಒಂದನ್ನು ಹೊಸದಾಗಿ ಬರುವ ನಾಯಿಗೆ ಖಾಲಿ ಇಡಿ. ಐದನೇ ನಾಯಿಗೆ ಇಲ್ಲ ಅನ್ನಬೇಕು, ಅದು ಎಷ್ಟೇ ಪಾಪ ಅನ್ನಿಸಿದರೂ. ನಾನು 40 ಅಂತ ಬರೆದು 43 ಇಟ್ಟುಕೊಂಡವನು, ನನ್ನನ್ನು ನೋಡಿ ಕಲಿಯಬೇಡಿ. ಲೆಕ್ಕದ ಪುಸ್ತಕ ಯಜಮಾನರ ಕೈಗೆ ಕೊಡಿ, ಬೇಡ ಅನ್ನುವವರೇ ಆ ಕೆಲಸಕ್ಕೆ ಸರಿ. ನಿಮಗಿಬ್ಬರಿಗೂ ಹುಷಾರಿಲ್ಲದಾಗ ಹತ್ತು ದಿನ ನೋಡಿಕೊಳ್ಳುವವರು ಯಾರು ಅಂತ ಒಂದು ಹೆಸರು ಬರೆದಿಡಿ. ಆ ಹೆಸರು ಸಿಗದಿದ್ದರೆ ಗೂಡು ಕಟ್ಟಿಸಬೇಡಿ.

ನಾಲ್ಕು ನಾಯಿಗೆ ಮನೆ ಹುಡುಕಿ ಕೊಟ್ಟ ಮೇಲೆ ನನಗೆ ಮತ್ತೆ ಬರೆಯಿರಿ, ದೊಡ್ಡದು ಮಾಡುವ ಮಾತು ಆಮೇಲೆ. ಅದಕ್ಕೂ ಮೊದಲು ಒಮ್ಮೆ ಇಬ್ಬರೂ ಬಂದು ನಮ್ಮಲ್ಲಿ ಎರಡು ದಿನ ಇದ್ದು ಹೋಗಿ. ಐದೂವರೆಗೆ ಕೆಲಸ ಶುರು. ಹಳೇ ಬಟ್ಟೆ ತನ್ನಿ, ಗಂಬೂಟು ನಾವು ಕೊಡುತ್ತೇವೆ. ಯಜಮಾನರಿಗೆ ಮೊಸರನ್ನ ಇಷ್ಟ ಇದ್ದರೆ ರಾಜನ ಪಕ್ಕ ಕೂರಿಸುತ್ತೇನೆ.